ಮಗು ಯಾವ ನೀರಿಗೆ ಇಳಿದಿತ್ತು? ಮಕ್ಕಳ ಇಲಿ ಜ್ವರದ ಬಗ್ಗೆ ತಂದೆ ತಾಯಂದಿರು ತಿಳಿಯಬೇಕಾದದ್ದು



ಕಳೆದ ತಿಂಗಳು ಒಂದು ಶುಕ್ರವಾರ ಜುಮಾ ನಮಾಝ್ ಮುಗಿದ ಮೇಲೆ ಹತ್ತು ನಿಮಿಷ ಇಲಿ ಜ್ವರದ ಬಗ್ಗೆ ಮಾತನಾಡಿದ್ದೆ. ಹೊರಗೆ ಬಂದಾಗ ಹಲವರು, "ಹಜರತ್, ಇದನ್ನು ಬರೆದುಕೊಡಿ, ಮನೆಯ ಹೆಂಗಸರೂ ಓದಲಿ" ಎಂದು ಕೇಳಿದರು. ಅದಕ್ಕಾಗಿ ಈ ಬರಹ. ನಾನು ವೈದ್ಯನಲ್ಲ. ನಮ್ಮ ಜಮಾಅತಿಗೆ ಪರಿಚಯವಿರುವ ಮಕ್ಕಳ ವೈದ್ಯರೊಬ್ಬರು ಇದನ್ನು ಓದಿ, ತಪ್ಪಿದ್ದ ಕಡೆ ತಿದ್ದಿಕೊಟ್ಟಿದ್ದಾರೆ. ಆದರೂ ಇದನ್ನು ಓದಿ ಯಾರೂ ಮನೆಯಲ್ಲೇ ಚಿಕಿತ್ಸೆ ಮಾಡಬೇಡಿ. ಮಗುವನ್ನು ಯಾವಾಗ ವೈದ್ಯರ ಬಳಿ ಕರೆದೊಯ್ಯಬೇಕು, ಹೋದಾಗ ಅವರಿಗೆ ಏನು ಹೇಳಬೇಕು ಎಂಬುದನ್ನು ತಿಳಿದುಕೊಳ್ಳಲು ಮಾತ್ರ ಓದಿ.

ಈ ವಿಷಯ ನಾನು ಪುಸ್ತಕದಿಂದ ಕಲಿತದ್ದಲ್ಲ. ನನ್ನದೇ ಒಂದು ತಪ್ಪಿನಿಂದ ಕಲಿತದ್ದು. ಮೊದಲು ಅದನ್ನು ಹೇಳುತ್ತೇನೆ.

ನಾನು ನೋಡಿದ್ದೆ, ಆದರೆ ಹೇಳಲಿಲ್ಲ

ಪೀಣ್ಯದ ಸುತ್ತಮುತ್ತಲಿನ ಮೊಹಲ್ಲಾಗಳು ನಿಮಗೆ ಗೊತ್ತೇ ಇವೆ. ಒಂದು ಕಡೆ ಕಾರ್ಖಾನೆಗಳ ಸಾಲು, ಇನ್ನೊಂದು ಕಡೆ ಒತ್ತೊತ್ತಾಗಿ ಬಾಡಿಗೆ ಮನೆಗಳು, ನಡುವೆ ರಾಜಕಾಲುವೆ. ಜೋರು ಮಳೆ ಬಂದರೆ ಕಾಲುವೆಯ ನೀರು ರಸ್ತೆಗೆ ಏರುತ್ತದೆ. ಎರಡು ವರ್ಷದ ಹಿಂದೆ ಒಂದು ಸಂಜೆ ಅಸರ್ ನಂತರ ಹಾಗೆಯೇ ಆಯಿತು. ಮಸೀದಿಯ ಮುಂದೆ ಮೊಣಕಾಲಿನವರೆಗೆ ನೀರು. ಮಕ್ತಬ್‌ಗೆ ಬರುವ ಏಳೆಂಟು ಹುಡುಗರು ಚಪ್ಪಲಿ ಕೈಯಲ್ಲಿ ಹಿಡಿದು, ಒಬ್ಬರ ಮೇಲೊಬ್ಬರು ನೀರು ಎರಚುತ್ತಾ ಬಂದರು. ನಾನು ಗದರಿಸಿ ಒಳಗೆ ಕರೆದೆ. ಕಾಲು ತೊಳೆದುಕೊಂಡು ಪಾಠಕ್ಕೆ ಕುಳಿತರು. ಆ ವಿಷಯವನ್ನು ಅಲ್ಲಿಗೇ ಮರೆತೆ.

ಸುಮಾರು ಹತ್ತು ದಿನ ಕಳೆದ ಮೇಲೆ ಅವರಲ್ಲೊಬ್ಬ ಹುಡುಗ ಬರುವುದನ್ನು ನಿಲ್ಲಿಸಿದ. ಒಂಬತ್ತು ವರ್ಷದವನು. ತಂದೆ ತಾಯಿ ರಾಯಚೂರು ಕಡೆಯವರು, ತಾಯಿಗೆ ಗಾರ್ಮೆಂಟ್ಸ್‌ನಲ್ಲಿ ಕೆಲಸ. ಜ್ವರದ ನಾಲ್ಕನೇ ದಿನ ತಾಯಿ ಅವನನ್ನು ಎತ್ತಿಕೊಂಡು ನನ್ನ ಬಳಿ ದಮ್ ಮಾಡಿಸಲು ಬಂದರು. "ಚಳಿ ಚಳಿ ಅಂತಾನೆ ಹಜರತ್, ತಲೆನೋವು ಅಂತಾನೆ. ಕಾಲು ಮುಟ್ಟೋಕೂ ಬಿಡಂಗಿಲ್ಲ, ನಡಿಯಂಗೇ ಇಲ್ಲ" ಎಂದರು. ಕಣ್ಣು ಕೆಂಪಗಿತ್ತು. ಮದ್ರಾಸ್ ಐ ಇರಬೇಕು ಎಂದುಕೊಂಡೆ. ಓದಿ ಊದಿ, ನೀರು ಕೊಟ್ಟು ಕಳುಹಿಸಿದೆ. ಕ್ಲಿನಿಕ್ಕಿನಲ್ಲಿ ಡೆಂಗ್ಯೂ ಪರೀಕ್ಷೆ ಮಾಡಿಸಿದ್ದರು. ಅದು ನೆಗೆಟಿವ್ ಬಂದದ್ದರಿಂದ ಮನೆಯವರಿಗೂ ಸಮಾಧಾನವಾಗಿತ್ತು.

ಆರನೇ ದಿನ ಕಣ್ಣು ಹಳದಿಯಾಯಿತು. ನೆಂಟರು ಕಾಮಾಲೆ ಎಂದರು. ಎರಡು ದಿನ ನಾಟಿ ಔಷಧಿ, ಪಥ್ಯ ನಡೆಯಿತು. ಎಂಟನೇ ದಿನ ಮಗುವಿಗೆ ಮೂತ್ರ ಬರುವುದೇ ಕಡಿಮೆಯಾಯಿತು, ಮಂಪರು ಹತ್ತಿತು. ಆಗ ದೊಡ್ಡಾಸ್ಪತ್ರೆಗೆ ಓಡಿದರು. ನಾನೂ ಜೊತೆಗೆ ಹೋಗಿದ್ದೆ. ರಾತ್ರಿ ಪಾಳಿಯಲ್ಲಿದ್ದ ಯುವ ವೈದ್ಯೆ ಮಗುವಿನ ಮೀನಖಂಡವನ್ನು ಮೆಲ್ಲಗೆ ಒತ್ತಿದರು. ಮಂಪರಿನಲ್ಲೂ ಮಗು ಚೀರಿತು. ಅವರು ತಾಯಿಯನ್ನು ಕೇಳಿದರು: "ಎರಡು ಮೂರು ವಾರದ ಒಳಗೆ ಮಗು ಮಳೆ ನೀರಿಗೋ ಚರಂಡಿ ನೀರಿಗೋ ಇಳಿದಿತ್ತಾ?"

ತಾಯಿ ಇಲ್ಲ ಎಂದರು. ಅವರಿಗೆ ಗೊತ್ತಿರಲಿಲ್ಲ, ಆ ಹೊತ್ತಿಗೆ ಅವರು ಫ್ಯಾಕ್ಟರಿಯಲ್ಲಿದ್ದರು. ಗೊತ್ತಿದ್ದವನು ನಾನು. ನಾಲ್ಕು ದಿನದ ಹಿಂದೆ ಅದೇ ಮಗು ನನ್ನ ಮುಂದೆ ಕುಳಿತಿದ್ದಾಗ ನನಗೆ ಅದು ನೆನಪಾಗಲಿಲ್ಲ, ಏಕೆಂದರೆ ಜ್ವರಕ್ಕೂ ಆ ನೀರಿಗೂ ಸಂಬಂಧವಿರಬಹುದೆಂದು ನನಗೆ ತಿಳಿದೇ ಇರಲಿಲ್ಲ.

ಅದೇ ರಾತ್ರಿ ಇಂಜೆಕ್ಷನ್ ಶುರು ಮಾಡಿದರು. ಪರೀಕ್ಷೆಯ ಫಲಿತಾಂಶ ಬರುವವರೆಗೆ ಕಾಯಲಿಲ್ಲ. ಆಮೇಲೆ ಬಂದ ವರದಿಯಲ್ಲಿ ಇಲಿ ಜ್ವರ ಎಂದು ಖಚಿತವಾಯಿತು. ಅಲ್ಲಾಹನ ಕೃಪೆಯಿಂದ ಡಯಾಲಿಸಿಸ್ ಇಲ್ಲದೆಯೇ ಮೂತ್ರಪಿಂಡ ಚೇತರಿಸಿತು. ಹನ್ನೆರಡು ದಿನದ ನಂತರ ಹುಡುಗ ಮನೆಗೆ ಬಂದ. ಈಗ ಮಕ್ತಬ್‌ನಲ್ಲಿ ಮುಂದಿನ ಸಾಲಿನಲ್ಲೇ ಕೂರುತ್ತಾನೆ. ಅವನನ್ನು ನೋಡಿದಾಗಲೆಲ್ಲ ಆ ವೈದ್ಯೆ ಕೇಳಿದ ಪ್ರಶ್ನೆ ನೆನಪಾಗುತ್ತದೆ. ಈ ಬರಹದಲ್ಲಿ ನೀವು ಬೇರೆಲ್ಲ ಮರೆತರೂ ಆ ಒಂದು ಪ್ರಶ್ನೆಯನ್ನು ಮರೆಯಬೇಡಿ.

ಇಲಿ ಜ್ವರ ಎಂದರೇನು?

ವೈದ್ಯರು ಇದನ್ನು ಲೆಪ್ಟೊಸ್ಪೈರೋಸಿಸ್ ಎನ್ನುತ್ತಾರೆ. ಲೆಪ್ಟೊಸ್ಪೈರಾ ಎಂಬ, ಸುರುಳಿಯಂತೆ ತಿರುಚಿಕೊಂಡ ಬಹಳ ಸಣ್ಣ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಇಲಿ ಹೆಗ್ಗಣಗಳ ಮೂತ್ರಪಿಂಡದಲ್ಲಿ ಅದು ವಾಸಿಸುತ್ತದೆ. ಅವುಗಳಿಗೆ ಅದರಿಂದ ಕಾಯಿಲೆಯೇನೂ ಆಗದಿರಬಹುದು, ಆದರೆ ತಿಂಗಳುಗಟ್ಟಲೆ ಮೂತ್ರದಲ್ಲಿ ಹೊರಬರುತ್ತಲೇ ಇರುತ್ತದೆ. ದನ, ಹಂದಿ, ನಾಯಿ, ಕುರಿ ಮೇಕೆಗಳ ಮೂತ್ರದಲ್ಲೂ ಇರಬಹುದು. ಹೆಸರಿನಲ್ಲಿ ಇಲಿ ಇದೆಯೆಂದು ಇಲಿ ಕಚ್ಚಿದರೆ ಮಾತ್ರ ಬರುತ್ತದೆ ಎಂದು ತಿಳಿಯಬೇಡಿ. ಇದು ಹೆಚ್ಚಾಗಿ ಬರುವುದು ಆ ಮೂತ್ರ ಬೆರೆತ ನೀರು ಮತ್ತು ಕೆಸರಿನಿಂದ.

ಒದ್ದೆ ಮಣ್ಣಿನಲ್ಲಿ, ನಿಂತ ನೀರಿನಲ್ಲಿ ಈ ರೋಗಾಣು ವಾರಗಟ್ಟಲೆ ಬದುಕಬಲ್ಲದು. ಬಿಸಿಲಿಗೆ ಒಣಗಿದರೆ, ನೀರು ಕುದಿಸಿದರೆ, ಬ್ಲೀಚಿಂಗ್ ಪುಡಿ ಹಾಕಿದರೆ ಸಾಯುತ್ತದೆ. ಮನುಷ್ಯನ ದೇಹಕ್ಕೆ ಅದು ಸೇರುವುದು ಚರ್ಮದ ಮೇಲಿನ ಗಾಯ ಮತ್ತು ಬಿರುಕುಗಳ ಮೂಲಕ, ಹಾಗೆಯೇ ಕಣ್ಣು, ಮೂಗು, ಬಾಯಿಯ ಒಳಪೊರೆಯ ಮೂಲಕ. ನಮ್ಮ ಮಕ್ಕಳ ಕಾಲನ್ನು ಒಮ್ಮೆ ನೋಡಿ. ಬಿದ್ದ ಗಾಯ, ಸೊಳ್ಳೆ ಕಚ್ಚಿ ಕೆರೆದುಕೊಂಡ ಗುರುತು, ಒಡೆದ ಹಿಮ್ಮಡಿ ಇಲ್ಲದ ಮಗು ಎಲ್ಲಿದೆ? ಆ ಕಾಲು ಅರ್ಧ ಗಂಟೆ ಹೊಲಸು ನೀರಿನಲ್ಲಿ ನೆನೆದರೆ ರೋಗಾಣುವಿಗೆ ದಾರಿ ತೆರೆದಂತೆ.

ನೀರಿಗಿಳಿದ ಮರುದಿನವೇ ಜ್ವರ ಬರುವುದಿಲ್ಲ. ಸಾಮಾನ್ಯವಾಗಿ 5ರಿಂದ 14 ದಿನದ ಒಳಗೆ, ಕೆಲವೊಮ್ಮೆ ಎರಡೇ ದಿನದಲ್ಲಿ, ಅಪರೂಪಕ್ಕೆ 30 ದಿನ ಕಳೆದ ಮೇಲೆ ಬರುತ್ತದೆ. ಅಷ್ಟರಲ್ಲಿ ರಸ್ತೆ ಒಣಗಿರುತ್ತದೆ, ಎಲ್ಲರೂ ಮಳೆಯನ್ನು ಮರೆತಿರುತ್ತಾರೆ. ತಂದೆ ತಾಯಿ ವೈದ್ಯರಿಗೆ ನೀರಿನ ವಿಷಯ ಹೇಳದಿರಲು ಮುಖ್ಯ ಕಾರಣ ಇದೇ.

ಇದು ನಮ್ಮ ಊರಿನ ವಿಷಯವೇ

ಇದು ಮಲೆನಾಡು, ಕರಾವಳಿಯ ಗದ್ದೆ ತೋಟದವರ ಕಾಯಿಲೆ ಎಂದು ಕೆಲವರು ಭಾವಿಸುತ್ತಾರೆ. ಗದ್ದೆಯಲ್ಲಿ ದುಡಿಯುವವರಿಗೆ ಇದು ಬರುವುದು ನಿಜ. ಆದರೆ ಮಳೆ, ಇಲಿ, ನಿಂತ ನೀರು, ಬರಿಗಾಲು ಈ ನಾಲ್ಕೂ ಸೇರುವ ಕಡೆಯೆಲ್ಲ ಅದು ಬರಬಹುದು. ಈ ರೋಗ ಹೆಚ್ಚಾಗಿ ಕಾಣುವ ರಾಜ್ಯಗಳೆಂದು ಕೇಂದ್ರ ಸರ್ಕಾರ ತನ್ನ ನಿಯಂತ್ರಣ ಕಾರ್ಯಕ್ರಮದಲ್ಲಿ ಸೇರಿಸಿದವುಗಳಲ್ಲಿ ಕೇರಳ, ತಮಿಳುನಾಡು, ಮಹಾರಾಷ್ಟ್ರ, ಗುಜರಾತ್ ಜೊತೆಗೆ ನಮ್ಮ ಕರ್ನಾಟಕವೂ ಇದೆ.

ಮುಂಬೈಯಲ್ಲಿ 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನಗರ ಮುಳುಗಿತು. ನೀರು ಇಳಿದ ಮೇಲೆ ಇಲಿ ಜ್ವರ ಹರಡಿತು, ಮಕ್ಕಳನ್ನೂ ಬಿಡಲಿಲ್ಲ. ಕೇರಳದಲ್ಲಿ 2018ರ ಆಗಸ್ಟ್ ಪ್ರವಾಹದ ನಂತರವೂ ಹಾಗೆಯೇ ಆಯಿತು. ನಮ್ಮಲ್ಲಿ 2022ರ ಸೆಪ್ಟೆಂಬರ್ ಮೊದಲ ವಾರ ನೆನಪಿಸಿಕೊಳ್ಳಿ. ಬೆಳ್ಳಂದೂರು, ಯಮಲೂರು, ಸರ್ಜಾಪುರ ರಸ್ತೆ, ವೈಟ್‌ಫೀಲ್ಡ್ ಕಡೆ ಐಟಿ ಉದ್ಯೋಗಿಗಳು ಟ್ರ್ಯಾಕ್ಟರ್ ಹತ್ತಿ ಕೆಲಸಕ್ಕೆ ಹೋದರು. ವಿಲ್ಲಾಗಳ ಚಿತ್ರ ಟಿವಿಯಲ್ಲಿ ಬಂತು. ಅದೇ ನೀರಿನಲ್ಲಿ ಪಕ್ಕದ ಶೆಡ್‌ಗಳ ಕೂಲಿಕಾರರ ಮಕ್ಕಳೂ ದಿನಗಟ್ಟಲೆ ಓಡಾಡಿದ್ದರು. 2025ರ ಮೇ ತಿಂಗಳಲ್ಲಿ ಹೊರಮಾವಿನ ಸಾಯಿ ಲೇಔಟ್ ಮತ್ತೆ ಮುಳುಗಿತು. ಎಲೆಕ್ಟ್ರಾನಿಕ್ ಸಿಟಿ, ಬೊಮ್ಮಸಂದ್ರ, ಪೀಣ್ಯ, ಯಾವ ಕಡೆ ನೋಡಿದರೂ ಕೆರೆಗಳನ್ನು ಜೋಡಿಸುತ್ತಿದ್ದ ಕಾಲುವೆಗಳು ಕಿರಿದಾಗಿ, ಕಸ ತುಂಬಿ, ಹೆಗ್ಗಣಗಳ ಮನೆಯಾಗಿವೆ.

ಮಗುವಿನಲ್ಲಿ ಗುರುತಿಸುವುದು ಹೇಗೆ?

ಹೆದರಬೇಡಿ. ಹೆಚ್ಚಿನ ಮಕ್ಕಳಲ್ಲಿ ಇದು ಸಾಧಾರಣ ಜ್ವರದಂತೆ ಬಂದು ವಾಸಿಯಾಗುತ್ತದೆ. ಕೆಲವು ಮಕ್ಕಳಲ್ಲಿ ಮಾತ್ರ ಯಕೃತ್ತು, ಮೂತ್ರಪಿಂಡ, ಶ್ವಾಸಕೋಶ, ಮಿದುಳಿನ ಪೊರೆಗೆ ತಗಲುತ್ತದೆ. ಯಾವ ಮಗುವಿಗೆ ಹಾಗಾಗುತ್ತದೆಂದು ಮೊದಲೇ ಹೇಳಲು ಬಾರದ ಕಾರಣ ಬೇಗ ಗುರುತಿಸುವುದು ಮುಖ್ಯ. ಗಮನಿಸಬೇಕಾದವು ಇವು:

1. ಇದ್ದಕ್ಕಿದ್ದಂತೆ ಏರುವ ಜ್ವರ, ನಡುಕ, ತಲೆನೋವು.

2. ಮೈಕೈ ನೋವು, ಮುಖ್ಯವಾಗಿ ಮೀನಖಂಡ ಮತ್ತು ಸೊಂಟದಲ್ಲಿ. ಸಣ್ಣ ಮಗು ನೋವು ಎಲ್ಲಿ ಎಂದು ಹೇಳಲಾರದು. ನಡೆಯಲು ಒಲ್ಲೆ ಎನ್ನುತ್ತದೆ, ಎತ್ತಿಕೋ ಎಂದು ಹಟ ಮಾಡುತ್ತದೆ, ಕಾಲು ಒತ್ತಿದರೆ ಅಳುತ್ತದೆ. ಇದನ್ನು ಹಟ ಎಂದು ಗದರಿಸಬೇಡಿ.

3. ಕೆಂಪು ಕಣ್ಣು. ಮದ್ರಾಸ್ ಐ ಬಂದಾಗ ಕಣ್ಣಿನಲ್ಲಿ ಪಿಸುರು ಕಟ್ಟುತ್ತದೆ, ರೆಪ್ಪೆ ಅಂಟಿಕೊಳ್ಳುತ್ತದೆ. ಇಲಿ ಜ್ವರದಲ್ಲಿ ಸಾಮಾನ್ಯವಾಗಿ ಎರಡೂ ಕಣ್ಣು ಕೆಂಪಾಗಿರುತ್ತವೆ, ಪಿಸುರು ಇರುವುದಿಲ್ಲ. ನಾನು ಎಡವಿದ್ದು ಇಲ್ಲೇ.

4. ಹೊಟ್ಟೆ ನೋವು, ವಾಂತಿ, ಕೆಲವೊಮ್ಮೆ ಭೇದಿ. ಮಕ್ಕಳಲ್ಲಿ ಇದು ಬಹಳ ಸಾಮಾನ್ಯ. ಆದ್ದರಿಂದಲೇ ಎಷ್ಟೋ ಬಾರಿ ಹೊರಗೆ ತಿಂದದ್ದು ಆಗಿಬರಲಿಲ್ಲ ಎಂದುಕೊಂಡು ಸುಮ್ಮನಾಗುತ್ತೇವೆ. ಕೆಲವರಿಗೆ ಮೈಮೇಲೆ ಕೆಂಪು ದದ್ದೂ ಏಳುತ್ತದೆ.

5. ಜ್ವರ ಬಿಟ್ಟು ಮತ್ತೆ ಬರುವುದು. ಮೊದಲ ವಾರದ ಜ್ವರ ಇಳಿದು, ಒಂದೆರಡು ದಿನ ಮಗು ಚೆನ್ನಾಗಿದ್ದು, ಮತ್ತೆ ಜ್ವರ ತಲೆನೋವು ಶುರುವಾಗಬಹುದು. ಆಗ ಕುತ್ತಿಗೆ ಬಿಗಿತ, ಬೆಳಕು ನೋಡಲು ತೊಂದರೆ ಇದ್ದರೆ ಮಿದುಳಿನ ಪೊರೆಗೆ ತಗಲಿರುವ ಸಾಧ್ಯತೆಯಿದೆ.

ಈ ಐದೂ ಒಂದೇ ಮಗುವಿನಲ್ಲಿ ಇರಬೇಕೆಂದಿಲ್ಲ. ಜ್ವರದ ಜೊತೆ ಇವುಗಳಲ್ಲಿ ಒಂದೆರಡಿದ್ದು, ಹಿಂದಿನ ಮೂರ್ನಾಲ್ಕು ವಾರದಲ್ಲಿ ಮಗು ನೀರಿಗೋ ಕೆಸರಿಗೋ ಇಳಿದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಿ.

ಇನ್ನು ಕೆಲವು ಲಕ್ಷಣಗಳು ಕಂಡರೆ ರಾತ್ರಿಯಾದರೂ ಸರಿ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಓಡಬೇಕು: ಕಣ್ಣು ಹಳದಿಯಾಗುವುದು, ಮೂತ್ರ ಕಡಿಮೆಯಾಗುವುದು, ಉಸಿರಾಟ ಜೋರಾಗುವುದು, ಕೆಮ್ಮಿದಾಗ ರಕ್ತ ಬರುವುದು, ಮೂಗು ಒಸಡಿನಿಂದ ರಕ್ತ ಸೋರುವುದು, ಮಂಪರು, ಫಿಟ್ಸ್, ನಿಲ್ಲದ ವಾಂತಿ, ಕೈಕಾಲು ತಣ್ಣಗಾಗುವುದು.

ಡೆಂಗ್ಯೂ ಅಲ್ಲ ಎಂದರೆ ಮುಗಿಯಲಿಲ್ಲ

ಮಳೆಗಾಲದಲ್ಲಿ ಡೆಂಗ್ಯೂ, ಟೈಫಾಯ್ಡ್, ಇಲಿ ಜ್ವರ, ಸ್ಕ್ರಬ್ ಟೈಫಸ್ ಎಲ್ಲವೂ ಒಂದೇ ಸಮಯಕ್ಕೆ ಬರುತ್ತವೆ. ಮೊದಲ ಮೂರ್ನಾಲ್ಕು ದಿನ ಎಲ್ಲವೂ ಒಂದೇ ಥರ ಕಾಣುತ್ತವೆ. ಅನುಭವಿ ವೈದ್ಯರಿಗೂ ಇದು ಕಷ್ಟ. ಅಂಡಮಾನ್ ದ್ವೀಪದಲ್ಲಿ 1988ರಿಂದ ಮಳೆಗಾಲ ಮುಗಿಯುವ ಹೊತ್ತಿಗೆ ಜನ ಜ್ವರದಿಂದ, ರಕ್ತ ಕೆಮ್ಮಿ ಸಾಯುತ್ತಿದ್ದರು. ಕಾರಣ ತಿಳಿಯದೆ ಅದನ್ನು ಅಂಡಮಾನ್ ರಕ್ತಸ್ರಾವ ಜ್ವರ ಎಂದೇ ಕರೆದರು. ಅದು ಇಲಿ ಜ್ವರವೇ ಎಂದು ಗೊತ್ತಾಗಿದ್ದು ಕೆಲವು ವರ್ಷಗಳ ನಂತರ.

ಡೆಂಗ್ಯೂ ಮತ್ತು ಇಲಿ ಜ್ವರ ಎರಡರಲ್ಲೂ ಪ್ಲೇಟ್‌ಲೆಟ್ ಇಳಿಯಬಹುದು. ಆದರೆ ಡೆಂಗ್ಯೂವಿನಲ್ಲಿ ಬಿಳಿ ರಕ್ತಕಣ ಸಾಮಾನ್ಯವಾಗಿ ಕಡಿಮೆಯಾಗುತ್ತದೆ, ಇಲಿ ಜ್ವರದಲ್ಲಿ ಹೆಚ್ಚಾಗಿ ಏರುತ್ತದೆ. ಇಲಿ ಜ್ವರದಲ್ಲಿ ಮೂತ್ರ ಪರೀಕ್ಷೆಯಲ್ಲಿ ಪ್ರೋಟೀನ್ ಅಥವಾ ರಕ್ತಕಣ ಕಾಣಬಹುದು, ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ಏರಬಹುದು, ಸ್ನಾಯುವಿಗೆ ಪೆಟ್ಟಾದುದನ್ನು ತೋರಿಸುವ ಸಿಪಿಕೆ ಹೆಚ್ಚಿರಬಹುದು. ಎರಡೂ ಒಟ್ಟಿಗೆ ಬಂದ ಮಕ್ಕಳೂ ಇದ್ದಾರೆ. ಆದ್ದರಿಂದ ಡೆಂಗ್ಯೂ ನೆಗೆಟಿವ್ ಎಂಬ ಚೀಟಿ ಹಿಡಿದು ನಿಶ್ಚಿಂತರಾಗಬೇಡಿ. ಹಾಗೆಯೇ ವೈಡಾಲ್ ಪಾಸಿಟಿವ್ ಬಂದ ಮಾತ್ರಕ್ಕೆ ಟೈಫಾಯ್ಡ್ ಎಂದು ತೀರ್ಮಾನಿಸಲೂ ಆಗದು, ಆ ಪರೀಕ್ಷೆ ಬೇರೆ ಜ್ವರಗಳಲ್ಲೂ ಪಾಸಿಟಿವ್ ತೋರಿಸಬಹುದು.

ಕಾಮಾಲೆಯ ವಿಷಯ ಇನ್ನೂ ಮುಖ್ಯ. ಮಕ್ಕಳಲ್ಲಿ ಸಾಮಾನ್ಯವಾಗಿ ಬರುವ ವೈರಸ್ ಕಾಮಾಲೆಯಲ್ಲಿ ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಬಿಟ್ಟಿರುತ್ತದೆ. ಹಳದಿಯೂ ಇದೆ, ಜ್ವರವೂ ಬಿಟ್ಟಿಲ್ಲ, ಮೈಕೈ ನೋವಿದೆ, ಕಣ್ಣು ಕೆಂಪಾಗಿದೆ ಎಂದರೆ ಇಲಿ ಜ್ವರದ ಅನುಮಾನ ಬರಬೇಕು. ರಕ್ತ ಪರೀಕ್ಷೆಯಲ್ಲೂ ವ್ಯತ್ಯಾಸ ಕಾಣುತ್ತದೆ. ವೈರಸ್ ಕಾಮಾಲೆಯಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಸಾವಿರ ದಾಟುವುದುಂಟು. ಇಲಿ ಜ್ವರದಲ್ಲಿ ಬಿಲಿರುಬಿನ್ ಬಹಳ ಏರಿದರೂ ಅವೆರಡು ಸಾಮಾನ್ಯವಾಗಿ ಅಷ್ಟು ಏರುವುದಿಲ್ಲ. ಇಂಥ ಮಗುವನ್ನು ನಾಟಿ ಔಷಧಿಗೆ ಕರೆದೊಯ್ದರೆ ಬೆಲೆಬಾಳುವ ದಿನಗಳು ಕೈತಪ್ಪುತ್ತವೆ. ನಾನು ಹೇಳಿದ ಮಗು ಎರಡು ದಿನ ಕಳೆದುಕೊಂಡದ್ದು ಹೀಗೆಯೇ.

ವೈದ್ಯರು ಹೇಗೆ ಖಚಿತಪಡಿಸುತ್ತಾರೆ?

ಪರೀಕ್ಷೆಗಳ ಬಗ್ಗೆ ತಿಳಿಯಬೇಕಾದದ್ದು ಒಂದೇ: ಯಾವ ದಿನ ಮಾಡಿಸಿದಿರಿ ಎಂಬುದರ ಮೇಲೆ ಫಲಿತಾಂಶ ನಿಂತಿದೆ.

ಮೊದಲ ವಾರ ರೋಗಾಣು ರಕ್ತದಲ್ಲಿರುತ್ತದೆ. ಆಗ ಪಿಸಿಆರ್ ಎಂಬ ಪರೀಕ್ಷೆ ಅದನ್ನು ನೇರವಾಗಿ ಹಿಡಿಯಬಲ್ಲದು. ಅದು ಎಲ್ಲ ಕಡೆ ಸಿಗುವುದಿಲ್ಲ. ಆಂಟಿಬಯೋಟಿಕ್ ಕೊಡುವ ಮೊದಲೇ ರಕ್ತ ತೆಗೆದರೆ ಒಳ್ಳೆಯದು.

ಹೆಚ್ಚಿನ ಲ್ಯಾಬ್‌ಗಳಲ್ಲಿ ಸಿಗುವುದು ಐಜಿಎಂ ಎಲೈಸಾ. ರೋಗದ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು ಅದು ಹುಡುಕುತ್ತದೆ. ಆ ಪ್ರತಿಕಾಯ ಪತ್ತೆಯಾಗುವಷ್ಟು ಬೆಳೆಯಲು ಐದರಿಂದ ಏಳು ದಿನ ಬೇಕು. ಮೂರನೇ ದಿನ ಮಾಡಿಸಿ ನೆಗೆಟಿವ್ ಬಂದರೆ ಕಾಯಿಲೆ ಇಲ್ಲವೆಂದು ಅರ್ಥವಲ್ಲ. ಅನುಮಾನವಿದ್ದರೆ ವೈದ್ಯರು ವಾರದ ನಂತರ ಮತ್ತೆ ಮಾಡಿಸುತ್ತಾರೆ. "ಒಂದು ಸಲ ಆಯ್ತಲ್ಲ, ಮತ್ತೇಕೆ ದುಡ್ಡು" ಎಂದು ತಕರಾರು ಮಾಡಬೇಡಿ. ಇನ್ನೊಂದು ಮಾತು, ಒಮ್ಮೆ ರೋಗ ಬಂದುಹೋದವರಲ್ಲಿ ಈ ಪ್ರತಿಕಾಯ ತಿಂಗಳುಗಟ್ಟಲೆ ಉಳಿಯಬಹುದು. ಹಾಗಾಗಿ ಪಾಸಿಟಿವ್ ಬಂದರೂ ವೈದ್ಯರು ಲಕ್ಷಣಗಳೊಂದಿಗೆ ಹೋಲಿಸಿಯೇ ನಿರ್ಧರಿಸುತ್ತಾರೆ.

ಎಲ್ಲಕ್ಕಿಂತ ಖಚಿತವಾದದ್ದು ಮ್ಯಾಟ್ ಎಂಬ ಪರೀಕ್ಷೆ. ಸುಮಾರು ಎರಡು ವಾರದ ಅಂತರದಲ್ಲಿ ಎರಡು ಬಾರಿ ರಕ್ತ ತೆಗೆದು, ಪ್ರತಿಕಾಯ ನಾಲ್ಕು ಪಟ್ಟು ಏರಿದೆಯೇ ಎಂದು ನೋಡುತ್ತಾರೆ. ಇದಕ್ಕೆ ಜೀವಂತ ರೋಗಾಣು ಬೆಳೆಸುವ ದೊಡ್ಡ ಪ್ರಯೋಗಾಲಯ ಬೇಕು. ಫಲಿತಾಂಶ ಬರುವ ಹೊತ್ತಿಗೆ ಚಿಕಿತ್ಸೆಯ ಕಾಲ ಮುಗಿದಿರುತ್ತದೆ.

ಹೀಗಾಗಿ ವೈದ್ಯರು ವರದಿಗಾಗಿ ಕಾಯದೆ, ಮಗುವನ್ನು ನೋಡಿ, ಕೇಳಿ ತಿಳಿದು ನಿರ್ಧಾರ ಮಾಡಬೇಕಾಗುತ್ತದೆ. ಇದಕ್ಕಾಗಿ ಫೈನ್ ಎಂಬ ತಜ್ಞರ ಹೆಸರಿನ ಅಂಕಪಟ್ಟಿಯೊಂದಿದೆ. 2004ರಲ್ಲಿ ಚೆನ್ನೈನ ವೈದ್ಯರು ನಮ್ಮ ದೇಶದ ಮಳೆಗಾಲಕ್ಕೆ ಹೊಂದುವಂತೆ ಅದನ್ನು ತಿದ್ದಿದರು. ಅದರಲ್ಲಿ ಕೆಂಪು ಕಣ್ಣಿಗೆ 4 ಅಂಕ, ಸ್ನಾಯು ನೋವಿಗೆ 4, ಮಿದುಳಿನ ಪೊರೆಯ ಲಕ್ಷಣಕ್ಕೆ 4, ಮೂರೂ ಒಟ್ಟಿಗೆ ಇದ್ದರೆ 10. ಐಜಿಎಂ ಎಲೈಸಾ ಪಾಸಿಟಿವ್ ಇದ್ದರೆ 15. ಎಲ್ಲ ಸೇರಿ 25 ಮುಟ್ಟಿದರೆ ಇಲಿ ಜ್ವರವೆಂದೇ ಪರಿಗಣಿಸುತ್ತಾರೆ.

ನಮ್ಮ ವೈದ್ಯರು ಈ ಪಟ್ಟಿಯನ್ನು ತೋರಿಸಿದಾಗ ನನಗೆ ಆಶ್ಚರ್ಯವಾದ ವಿಷಯ ಬೇರೆ. ಎಲ್ಲರೂ ಹೆದರುವ ಹಳದಿ ಕಣ್ಣಿಗೆ ಅದರಲ್ಲಿ ಇರುವುದು 1 ಅಂಕ. ಮಳೆ ಬಿದ್ದಿತ್ತು ಎಂಬುದಕ್ಕೆ 5, ಮಗು ಹೊಲಸು ನೀರಿನ ಸಂಪರ್ಕಕ್ಕೆ ಬಂದಿತ್ತು ಎಂಬುದಕ್ಕೆ 4. ಅಂದರೆ ತಂದೆ ತಾಯಿ ಬಾಯಿಬಿಟ್ಟು ಹೇಳುವ ಒಂದು ಮಾತಿಗೆ ಹಳದಿ ಕಣ್ಣಿಗಿಂತ ಹೆಚ್ಚು ತೂಕವಿದೆ. ರಕ್ತದಲ್ಲಿ ಸಿಗದ, ಸ್ಕ್ಯಾನಿಂಗ್‌ನಲ್ಲಿ ಕಾಣದ ಆ ಮಾಹಿತಿ ನಿಮ್ಮ ಬಳಿ ಮಾತ್ರ ಇದೆ. ಲೆಕ್ಕ ಹಾಕುವುದು ವೈದ್ಯರ ಕೆಲಸ, ಹೇಳುವುದು ನಮ್ಮ ಕೆಲಸ.

ವೈದ್ಯರಿಗೆ ಏನು ಹೇಳಬೇಕು?

ನಮ್ಮ ಮೊಹಲ್ಲಾದಲ್ಲಿ ತಂದೆ ತಾಯಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳೇ ಹೆಚ್ಚು. ಮಗು ಹಗಲಿನಲ್ಲಿ ಎಲ್ಲಿ ಆಡಿತು ಎಂದು ಅಜ್ಜಿಗೆ, ಅಣ್ಣನಿಗೆ, ಪಕ್ಕದ ಮನೆಯವರಿಗೆ, ಶಾಲೆಯವರಿಗೆ ಗೊತ್ತಿರುತ್ತದೆ. ಆಸ್ಪತ್ರೆಗೆ ಹೊರಡುವ ಮುನ್ನ ಅವರನ್ನು ಕೇಳಿ. ಮಗುವನ್ನೂ ಗದರಿಸದೆ ಕೇಳಿ. ಹೊಡೆಯುತ್ತಾರೆಂದು ಹೆದರಿದ ಮಗು ನೀರಿಗಿಳಿದದ್ದನ್ನು ಹೇಳುವುದಿಲ್ಲ. ನಂತರ ಈ ವಿಷಯಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ:

ಜ್ವರ ಶುರುವಾದ ದಿನಾಂಕ ಯಾವುದು? ಹಿಂದಿನ ಮೂರ್ನಾಲ್ಕು ವಾರದಲ್ಲಿ ಮಳೆ ನೀರು, ಕಾಲುವೆ, ಕೆರೆ, ಕೆಸರಿನ ಮೈದಾನಕ್ಕೆ ಇಳಿದಿತ್ತೇ? ಕಾಲಲ್ಲಿ ಗಾಯವಿತ್ತೇ? ಮನೆಯಲ್ಲಿ, ಅಂಗಡಿಯಲ್ಲಿ ಇಲಿ ಕಾಟವಿದೆಯೇ? ದನ, ಕುರಿ, ನಾಯಿ ಸಾಕಿದ್ದೀರಾ? ರಜೆಗೆ ಊರಿಗೆ ಹೋಗಿ ಗದ್ದೆ, ಹಳ್ಳದಲ್ಲಿ ಆಡಿತ್ತೇ? ಇದುವರೆಗೆ ಯಾವ ಔಷಧಿ ಕೊಟ್ಟಿದ್ದೀರಿ, ನಾಟಿ ಔಷಧಿಯೂ ಸೇರಿ? ಇವತ್ತು ಎಷ್ಟು ಬಾರಿ ಮೂತ್ರ ಮಾಡಿದೆ?

ಕೊನೆಗೆ ನೀವೇ ಕೇಳಿ: "ಡಾಕ್ಟ್ರೇ, ಇದು ಇಲಿ ಜ್ವರ ಇರಬಹುದಾ?" ಹೀಗೆ ಕೇಳಿದರೆ ಯಾವ ಒಳ್ಳೆಯ ವೈದ್ಯರೂ ಬೇಸರಪಡುವುದಿಲ್ಲ.

ಖರ್ಚಿನ ಚಿಂತೆಯಿಂದ ತಡಮಾಡಬೇಡಿ. ಇದಕ್ಕೆ ಬಳಸುವ ಪೆನ್ಸಿಲಿನ್, ಸೆಫ್ಟ್ರಿಯಾಕ್ಸೋನ್, ಅಮಾಕ್ಸಿಸಿಲಿನ್, ಡಾಕ್ಸಿಸೈಕ್ಲಿನ್ ಹಳೆಯ, ಅಗ್ಗದ ಔಷಧಿಗಳು. ಮಗುವಿನ ವಯಸ್ಸು, ತೂಕ ನೋಡಿ ಯಾವುದು ಎಷ್ಟು ಎಂದು ವೈದ್ಯರೇ ನಿರ್ಧರಿಸಬೇಕು. ಮೆಡಿಕಲ್ ಸ್ಟೋರಿನಲ್ಲಿ ಕೇಳಿ ತಂದು ಕೊಡಬೇಡಿ. ಜ್ವರಕ್ಕೆ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ನೋವಿನ ಔಷಧಿ ನೀವಾಗಿಯೇ ಕೊಡಬೇಡಿ, ಮೂತ್ರಪಿಂಡಕ್ಕೆ ಹಾನಿಯಾಗಬಹುದು. ದುಬಾರಿಯಾಗುವುದು ತಡಮಾಡಿ ಐಸಿಯು ಸೇರಿದಾಗ. ಕಾರ್ಖಾನೆ ಕೆಲಸದಲ್ಲಿರುವ ಹಲವರಿಗೆ ಇಎಸ್‌ಐ ಕಾರ್ಡ್ ಇದೆ, ಅದರಲ್ಲಿ ಮಕ್ಕಳಿಗೂ ಚಿಕಿತ್ಸೆಯ ಹಕ್ಕಿದೆ. ಮಕ್ಕಳಿಗೆಂದೇ ಇರುವ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಮತ್ತು ಇತರ ಸರ್ಕಾರಿ ಆಸ್ಪತ್ರೆಗಳು ನಗರದಲ್ಲಿವೆ.

ಮನೆಯಲ್ಲಿ, ಮಸೀದಿಯಲ್ಲಿ ಮಾಡಬೇಕಾದದ್ದು

ನಿಂತ ನೀರಿನಲ್ಲಿ ಮೂತ್ರ ಮಾಡುವುದನ್ನು ಪ್ರವಾದಿಯವರು(ಸ) ತಡೆದರು, ರಾತ್ರಿ ಪಾತ್ರೆಗಳನ್ನು ಮುಚ್ಚಿಡಲು ಕಲಿಸಿದರು ಎಂಬುದನ್ನು ನಾವು ಮಕ್ತಬ್‌ನಲ್ಲೇ ಓದಿದ್ದೇವೆ. ಇಲಿ ಓಡಾಡುವ ಅಡುಗೆಮನೆಯಲ್ಲಿ ತೆರೆದಿಟ್ಟ ಕೊಡಪಾನದ ಮುಂದೆ ನಿಂತಾಗ ಆ ಪಾಠದ ಬೆಲೆ ತಿಳಿಯುತ್ತದೆ.

ವುಝೂ ಮಾಡುವಾಗ ಬಾಯಿಗೆ, ಮೂಗಿಗೆ ನೀರು ಹಾಕುತ್ತೇವೆ, ಮುಖ ತೊಳೆಯುವಾಗ ಕಣ್ಣಿಗೂ ಸೋಕುತ್ತದೆ. ರೋಗಾಣು ಒಳಸೇರುವ ದಾರಿಗಳೂ ಇವೇ. ಆದ್ದರಿಂದ ಮಸೀದಿ ಕಮಿಟಿಯವರಲ್ಲಿ ವಿನಂತಿ: ಹೌಝ್, ಸಂಪು, ಟ್ಯಾಂಕ್‌ಗಳ ಮುಚ್ಚಳ ಸರಿಯಾಗಿರಲಿ. ಮಳೆಯಲ್ಲಿ ಹೊರಗಿನ ನೀರು ಸಂಪಿಗೆ ನುಗ್ಗಿದರೆ ಪೂರ್ತಿ ಖಾಲಿ ಮಾಡಿ, ತೊಳೆದು, ಕ್ಲೋರಿನ್ ಹಾಕಿದ ಮೇಲೆಯೇ ಬಳಸಿ. ಮನೆಗಳಲ್ಲೂ ಹಾಗೆಯೇ ಮಾಡಿ.

ಮಕ್ಕಳನ್ನು ಮಳೆ ನೀರಿಗೆ ಬಿಡಬೇಡಿ. ಅನಿವಾರ್ಯವಾಗಿ ದಾಟಿದರೆ ಮನೆಗೆ ಬಂದ ಕೂಡಲೇ ಸೋಪು ಹಾಕಿ ಕಾಲು ತೊಳೆಸಿ. ಗಾಯವಿದ್ದರೆ ನೀರು ಸೋಕದ ಪಟ್ಟಿ ಹಚ್ಚಿ ಕಳುಹಿಸಿ. ಮನೆಯ ಮುಂದೆ ಅನ್ನ, ಕಸ ಬಿಸಾಡಿದರೆ ಇಲಿ ಬರುತ್ತದೆ, ಇಲಿಯ ಹಿಂದೆ ಈ ರೋಗವೂ ಬರುತ್ತದೆ. ಬಕ್ರೀದ್‌ಗೆ ಮುಂಚೆ ಕುರಿ ಕಟ್ಟಿದ ಜಾಗವನ್ನು ಮಕ್ಕಳು ಬರಿಗಾಲಿನಲ್ಲಿ ಗುಡಿಸುವುದು ಬೇಡ. ಮಾಂಸದ ಕೆಲಸ ಮಾಡುವ ಸಹೋದರರು, ಚರಂಡಿ ಸ್ವಚ್ಛ ಮಾಡುವ ಪೌರಕಾರ್ಮಿಕರು ಈ ರೋಗಕ್ಕೆ ಹೆಚ್ಚು ಸಿಲುಕುವವರು. ಅವರು ಬೂಟು, ಕೈಗವಸು ಬಿಡಬಾರದು, ಜ್ವರ ಬಂದರೆ ತಮ್ಮ ಕೆಲಸ ಏನೆಂದು ವೈದ್ಯರಿಗೆ ಹೇಳಬೇಕು.

ಕೊನೆಯ ಮಾತು

ಈಗಲೂ ತಾಯಂದಿರು ಮಕ್ಕಳನ್ನು ದಮ್ ಮಾಡಿಸಲು ಕರೆತರುತ್ತಾರೆ. ನಾನು ಬೇಡ ಎನ್ನುವುದಿಲ್ಲ, ದುಆ ಮಾಡುತ್ತೇನೆ. ಆದರೆ ಚಿಕಿತ್ಸೆ ಪಡೆಯಿರಿ ಎಂದು ಕಲಿಸಿದವರೂ ನಮ್ಮ ಪ್ರವಾದಿಯವರೇ(ಸ). ಆದ್ದರಿಂದ ದುಆ ಮುಗಿದ ಮೇಲೆ ಮೂರು ವಿಷಯ ಕೇಳುತ್ತೇನೆ. ಜ್ವರ ಎಷ್ಟು ದಿನದಿಂದ? ಕಾಲು ನೋವು, ಕೆಂಪು ಕಣ್ಣು ಇದೆಯೇ? ಮಗು ಯಾವ ನೀರಿಗೆ ಇಳಿದಿತ್ತು? ಅನುಮಾನ ಬಂದರೆ ಆಟೋ ಕರೆಸಿ ಆಸ್ಪತ್ರೆಗೆ ಕಳುಹಿಸುತ್ತೇನೆ. ಕೈಯಲ್ಲಿ ಹಣವಿಲ್ಲದಿದ್ದರೆ ಜಮಾಅತಿನ ಬೈತುಲ್‌ಮಾಲ್‌ನಿಂದ ಕೊಡುತ್ತೇವೆ. ಬೇರೆ ಮಸೀದಿಗಳ ಇಮಾಮರೂ, ಮಕ್ತಬ್‌ನಲ್ಲಿ ಕಲಿಸುವವರೂ ಈ ಮೂರು ಪ್ರಶ್ನೆಗಳನ್ನು ನೆನಪಿಡಬೇಕೆಂದು ಕೋರುತ್ತೇನೆ. ತಂದೆ ತಾಯಿ ಕಾಣದ್ದನ್ನು ಎಷ್ಟೋ ಬಾರಿ ನಾವು ಕಂಡಿರುತ್ತೇವೆ.

ಅಲ್ಲಾಹನು ನಮ್ಮೆಲ್ಲರ ಮಕ್ಕಳನ್ನು ಕಾಪಾಡಲಿ, ರೋಗಿಗಳಿಗೆ ಶಿಫಾ ನೀಡಲಿ, ಅವರ ಸೇವೆ ಮಾಡುವ ವೈದ್ಯರು ಮತ್ತು ದಾದಿಯರಿಗೆ ಒಳಿತನ್ನು ಕರುಣಿಸಲಿ. ಆಮೀನ್.